ತಾಂಜಾನಿಯಾದಲ್ಲಿ ಒಂದು ಕತ್ತೆಗಳ ಮನೆ

ರಸ್ತೆಯ ನಡುವೆ ಒಂದು ಕತ್ತೆ ಬಿದ್ದಿತ್ತು. ಅದರ ತಲೆಗೆ ಬಿಸಿಲು ತಾಗದಂತೆ ಒಬ್ಬ ಹೆಂಗಸು ಕೊಡೆ ಹಿಡಿದು ನಿಂತಿದ್ದಳು. ಎರಡೂ ಕಡೆ ಲಾರಿಗಳು ಸಾಲುಗಟ್ಟಿದ್ದವು. ಒಬ್ಬ ಡ್ರೈವರನೂ ಹಾರ್ನ್ ಹೊಡೆಯುತ್ತಿರಲಿಲ್ಲ.

ತಾಂಜಾನಿಯಾಕ್ಕೆ ಬಂದು ನನಗೆ ಆಗ ಮೂರೇ ದಿನ. ಕಾಯಿಪಲ್ಲೆ ತರಲು ಹೊರಟವಳು ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ನಮ್ಮ ಕಡೆ ಕತ್ತೆ ರಸ್ತೆಯಲ್ಲಿ ಬಿದ್ದರೆ ನಾಲ್ಕು ಜನ ಕಾಲು ಹಿಡಿದು ಬದಿಗೆ ಎಳೆದು ಹಾಕುತ್ತಾರೆ. ಅದಕ್ಕೆ ನೆರಳು ಹಿಡಿದವರನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಕೊನೆಗೆ ಒಂದು ಹಳೆಯ ಪಿಕಪ್ ಗಾಡಿ ಬಂತು. ಆರು ಜನ ಗೋಣಿತಾಟು ಹಾಸಿ, ಹೆಣ್ಣುಮಗಳನ್ನು ಹೆರಿಗೆಗೆ ಒಯ್ಯುವಂತೆ ಅದನ್ನು ಎತ್ತಿ ಮಲಗಿಸಿದರು. ಮನೆಗೆ ಬಂದು ನೋಡಿದರೆ ಚೀಲ ಖಾಲಿ.

ನಮ್ಮನೆಯವರು ಕಾರಟಗಿಯ ಅಕ್ಕಿ ಗಿರಣಿಯಲ್ಲಿ ಬಹಳ ವರ್ಷ ಬಾಯ್ಲರ್ ನೋಡಿಕೊಂಡವರು. ಗಂಗಾವತಿಯ ವ್ಯಾಪಾರಿಯೊಬ್ಬರ ಬಳಗದವರು ಇಲ್ಲಿಯ ಭತ್ತದ ಸೀಮೆಯಲ್ಲಿ ಗಿರಣಿ ಹಾಕಿದಾಗ ಯಂತ್ರ ಬಲ್ಲವರು ಬೇಕೆಂದು ಇವರನ್ನು ಕರೆಸಿಕೊಂಡರು. ನಮಗೆ ಮಕ್ಕಳಿಲ್ಲ. ಬೇಡ ಎಂದು ಹಿಡಿದು ನಿಲ್ಲಿಸುವವರೂ ಇರಲಿಲ್ಲ. ಗಿರಣಿಯ ಕಂಪೌಂಡಿನೊಳಗೇ ತಗಡಿನ ಮಾಡಿನ ಎರಡು ಕೋಣೆ ಕೊಟ್ಟರು. ಬೆಳಿಗ್ಗೆ ಕಣ್ಣು ಮುಚ್ಚಿಕೊಂಡಿದ್ದರೆ ಅದು ಕಾರಟಗಿಯೇ: ಅದೇ ಕುದಿಸಿದ ಭತ್ತದ ವಾಸನೆ, ಅದೇ ಹೊಟ್ಟಿನ ದೂಳು. ಕಣ್ಣು ತೆರೆದರೆ ದೂರದಲ್ಲಿ ನೀಲಿ ಗುಡ್ಡಗಳ ಸಾಲು, ಗೇಟಿನ ಆಚೆ ಬಾಳೆಗೊನೆ ಹೊತ್ತ ಹೆಂಗಸರು, ಒಂದು ಅಕ್ಷರವೂ ತಿಳಿಯದ ಮಾತು.

ಆ ಮಾತು ಸ್ವಾಹಿಲಿ. ಅದು ಮೊದಲು ನನ್ನನ್ನು ನಗಿಸಿತು. ಕಾಯಿಪಲ್ಲೆಯವಳು ನನ್ನನ್ನು 'ಮಾಮಾ' ಎಂದು ಕರೆದಳು. ನಮ್ಮಲ್ಲಿ ಮಾಮಾ ಎಂದರೆ ಅತ್ತೆಯ ಗಂಡ, ಇಲ್ಲಿ ತಾಯಿ. 'ಪುಂಡಾ' ಎಂದರೆ ಕತ್ತೆ. ಹಾಗಾದರೆ ನಮ್ಮೂರಿನ ಪುಂಡರಿಗೆಲ್ಲ ಇಲ್ಲಿ ನಾಲ್ಕು ಕಾಲು ಎಂದು ನಮ್ಮನೆಯವರಿಗೆ ಹೇಳಿ ನಕ್ಕೆ. ಊಟಕ್ಕೆ ಉಗಾಲಿ ಎನ್ನುವುದು ಮೆಕ್ಕೆಜೋಳದ ಬಿಳಿ ಹಿಟ್ಟಿನದು, ನಮ್ಮ ಸಂಗಟಿಯ ತಂಗಿ ಎನ್ನಬಹುದು. ಆದರೆ ರೊಟ್ಟಿ ಇಲ್ಲದೆ ನನಗೆ ಹೊಟ್ಟೆ ತುಂಬುವುದಿಲ್ಲ. ಎರಡು ತಿಂಗಳು ಅಲೆದು, ಸಂತೆಯ ಕೊನೆಯ ಅಂಗಡಿಯಲ್ಲಿ ಜೋಳ ಕಂಡಾಗ ಕೈಗೆ ಸುರಿದುಕೊಂಡು ಮೂಸಿದೆ. 'ಎಮ್ತಾಮಾ' ಎಂದಳು ಅಂಗಡಿಯವಳು. ಆ ಸಂಜೆ ರೊಟ್ಟಿ ಬಡಿಯುವ ಸದ್ದಿಗೆ ಪಕ್ಕದ ಮನೆಯ ಆಂಧ್ರದ ಹೆಣ್ಣುಮಗಳು ಗಾಬರಿಯಾಗಿ ಓಡಿಬಂದಳು.

ರೊಟ್ಟಿ ಸಿಕ್ಕಿತು, ಮಾತನಾಡಲು ಜನ ಸಿಗಲಿಲ್ಲ. ಗಿರಣಿಯ ಪಾಳಿ ಮುಗಿಸಿ ಬಂದರೆ ನಮ್ಮನೆಯವರು ಮಲಗಿಬಿಡುತ್ತಿದ್ದರು. ಒಬ್ಬಳೇ ಗೋಡೆ ನೋಡುತ್ತ ಕೂತು ಬೇಸತ್ತು, ಒಂದು ದಿನ ಆ ಪಿಕಪ್ ಹೋದ ದಾರಿ ಹಿಡಿದು ನಡೆದೆ. ಊರಾಚೆ ಮುಳ್ಳುಬೇಲಿಯೊಳಗೆ ಹುಲ್ಲಿನ ಚಪ್ಪರ, ನೀರಿನ ತೊಟ್ಟಿ, ಮೂವತ್ತಕ್ಕೂ ಹೆಚ್ಚು ಕತ್ತೆಗಳು. ಯಾವುದರ ಬೆನ್ನ ಮೇಲೂ ಹೊರೆ ಇರಲಿಲ್ಲ. ಕೆಲವಕ್ಕೆ ಬೆನ್ನಿನ ಚರ್ಮವೂ ಇರಲಿಲ್ಲ, ಹುಣ್ಣಿಗೆ ನೀಲಿ ಔಷಧ ಬಳಿದಿದ್ದರು. ಕೊಡೆ ಹಿಡಿದಿದ್ದ ಅದೇ ಹೆಂಗಸು ಒಂದು ಮುದಿ ಕತ್ತೆಯ ಹಿಂಗಾಲು ಎತ್ತಿಸಲು ಹೆಣಗುತ್ತಿದ್ದಳು. ಗೊರಸಿನಲ್ಲಿ ಕಲ್ಲು ಸಿಕ್ಕಿತ್ತು. ಅದು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ.

ಇಲ್ಲಿ ನಾನು ಯಾರಿಗೂ ಹೇಳದಿದ್ದ ಒಂದು ಮಾತು ಹೇಳಬೇಕು. ನಾನು ಬೆಳೆದದ್ದು ಕತ್ತೆಯ ಜೊತೆ. ನಮ್ಮಪ್ಪ ತಳಕಲ್ಲಿನಲ್ಲಿ ಊರವರ ಬಟ್ಟೆ ಒಗೆಯುತ್ತಿದ್ದ. ಹಳ್ಳಕ್ಕೆ ಗಂಟು ಹೊರುತ್ತಿದ್ದವಳು ನೀಲಿ, ನಮ್ಮ ಹೆಣ್ಣು ಕತ್ತೆ. ಸಾಲೆಯಲ್ಲಿ ಹುಡುಗಿಯರು ನನ್ನ ಪಕ್ಕ ಕೂರದೆ 'ಕತ್ತಿ ವಾಸನಿ ಬರ್ತೈತಿ' ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದರು. ಅಂದಿನಿಂದ ಆ ವಿಷಯ ಬಾಯಿಬಿಟ್ಟವಳಲ್ಲ. ಗಿರಣಿಯ ಕ್ವಾರ್ಟರ್ಸಿನಲ್ಲೂ ಅಪ್ಪನಿಗೆ ಹೊಲವಿತ್ತು ಎಂದೇ ಹೇಳಿದ್ದೆ.

ಆದರೆ ಕೈ ಮರೆತಿರಲಿಲ್ಲ. ಬೇಲಿ ದಾಟಿ ಹೋಗಿ ಆ ಮುದಿ ಕತ್ತೆಯ ಭುಜಕ್ಕೆ ಒರಗಿ ನಿಂತೆ. ಕುತ್ತಿಗೆಯ ಬುಡದಲ್ಲಿ ಅಪ್ಪ ಕೆರೆಯುತ್ತಿದ್ದ ಜಾಗದಲ್ಲಿ ಕೆರೆದೆ. ಅಪ್ಪನ ಹಾಗೆಯೇ ನಾಲಿಗೆಯಿಂದ ಲೊಚಗುಟ್ಟಿದೆ. ಅದು ಉಸಿರು ಬಿಟ್ಟು ಕಾಲೆತ್ತಿತು. ಆ ಹೆಂಗಸು ಕಲ್ಲು ಕಿತ್ತು ಎಸೆದು ನನ್ನ ಮುಖ ನೋಡಿದಳು.

"ಮಾಮಾ, ನಿನಗೆ ಪುಂಡಾ ಗೊತ್ತು!" ಎಂದಳು. ಮೂಗು ಮುಚ್ಚಿಕೊಳ್ಳದೆ, ಮೆಚ್ಚಿ ಹೇಳಿದಳು. ಯಾಕೋ ಅಲ್ಲೇ ಅಳು ಬಂತು.

ಅವಳ ಹೆಸರು ನೀಮಾ. ಗಂಡ ತೀರಿಕೊಂಡ ಮೇಲೆ ಅವನು ದುಡಿಸುತ್ತಿದ್ದ ಎರಡು ಕತ್ತೆ ಮಾರಲು ಮನಸ್ಸಾಗದೆ ಈ ಮನೆ ಶುರು ಮಾಡಿದ್ದಳು. ಮುದಿ ಕತ್ತೆಯ ಹೆಸರು ಬೀಬಿ, ಅಂದರೆ ಅಜ್ಜಿ. ಮರುದಿನದಿಂದ ನಾನು ದಿನವೂ ಹೋದೆ. ಬೀಬಿಗೆ ಹಲ್ಲು ಸವೆದಿದ್ದವು, ಹುಲ್ಲು ಅಗಿಯಲಾಗುತ್ತಿರಲಿಲ್ಲ. ನಮ್ಮನೆಯವರು ಮಾಲೀಕರನ್ನು ಕೇಳಿ ಗಿರಣಿಯಿಂದ ತೌಡು ತಂದುಕೊಟ್ಟರು. ಅದನ್ನು ಇತರ ಮೇವಿನ ಜೊತೆ ನೆನೆಸಿ ಗಂಜಿಯಂತೆ ಮಾಡಿ ಇಡುತ್ತಿದ್ದೆ. ಅದು ತಿನ್ನುವಾಗ ಗಲ್ಲವೆಲ್ಲ ಬೆಳ್ಳಗಾಗುತ್ತಿತ್ತು.

ಆ ಮನೆ ನಡೆಯುತ್ತಿದ್ದುದು ದಾನದಿಂದ. ಕಾಣದ ದೇಶಗಳ ಜನ ಒಂದೊಂದು ಕತ್ತೆಯನ್ನು ತಮ್ಮದೆಂದುಕೊಂಡು ತಿಂಗಳು ತಿಂಗಳು ಕೈಲಾದಷ್ಟು ಕಳಿಸುತ್ತಿದ್ದರು. ನೀಮಾಳ ತಮ್ಮ ಅವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದ, ನಾನು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೆ. ಅವರಲ್ಲಿ ಎಲ್ಲರಿಗಿಂತ ಹೆಚ್ಚು ಕಳಿಸುತ್ತಿದ್ದವರು ಒಬ್ಬ ವಯಸ್ಸಾದ ಹೆಂಗಸು. ಅವರು ತೀರಿಕೊಂಡರು. ಮಕ್ಕಳು ಮುಂದುವರಿಸಲಿಲ್ಲ. ಉಳಿದವರಿಗೂ ಅಲ್ಲಿ ಬದುಕು ತುಟ್ಟಿಯಾಯಿತಂತೆ. ಒಬ್ಬೊಬ್ಬರೇ ಕ್ಷಮೆ ಕೇಳಿ ಬರೆದರು. ಅದೇ ವರ್ಷ ಮಳೆ ಕೈಕೊಟ್ಟು ಹುಲ್ಲು ಸಿಗದಾಯಿತು. ಮನೆ ಮುಚ್ಚಿದರೆ ಕತ್ತೆಗಳಿಗೆ ಕಾದಿದ್ದವರು ಬೇರೆ: ಚರ್ಮದ ವ್ಯಾಪಾರಿಗಳು. ಕತ್ತೆಯ ಚರ್ಮ ಕುದಿಸಿ ಎಲ್ಲೋ ಔಷಧ ಮಾಡುತ್ತಾರೆ ಎಂದು ನೀಮಾ ಹೇಳಿದಾಗ ನಾನು ನಂಬಿರಲಿಲ್ಲ. ಒಂದು ದಿನ ಬೇಲಿಯ ಹೊರಗೆ ಲಾರಿ ನಿಲ್ಲಿಸಿ ಇಬ್ಬರು ಸುಮ್ಮನೆ ಎಣಿಸುತ್ತಿದ್ದುದನ್ನು ಕಂಡೆ. ಆಮೇಲೆ ನಂಬಿದೆ.

"ನಿಮ್ಮ ದೇಶದವರು ಕೊಡುತ್ತಾರಾ?" ಎಂದು ನೀಮಾ ಕೇಳಿದಳು.

ನನ್ನ ಅಣ್ಣ ಯಮನೂರಪ್ಪ ಯಲಬುರ್ಗಾದಲ್ಲಿ ಸಾಲೆಯ ಜವಾನ. ಅವನಿಗೆ ಫೋನ್ ಹಚ್ಚಿ, ನಮ್ಮ ಸಮಾಜದವರನ್ನು ಕೇಳಿ ನೋಡು ಎಂದೆ.

"ಏನವ್ವ ಗಂಗವ್ವ, ತಲಿ ನೆಟ್ಟಗ ಐತಿಲ್ಲ? ಇಲ್ಲಿ ಮಂದಿ ದವಾಖಾನಿಗಿ ರೊಕ್ಕ ಇಲ್ದ ಕುಂತಾರ. ಆಫ್ರಿಕಾದ ಕತ್ತಿಗಿ ಹುಲ್ಲು ಹಾಕ್ರಿ ಅಂತ ಹೆಂಗ ಕೇಳ್ಲಿ? ನಗ್ತಾರ."

"ನಗಲಿ ಬಿಡಣ್ಣ. ಅವು ಲಾರಿ ಹತ್ತತಾವ, ಅದಕ್ಕ ಕೇಳಾಕತ್ತೀನಿ. ನಮ್ಮ ನೀಲಿನ್ನ ಅಪ್ಪ ಇಟಗಿ ಕುಂಬಾರಗ ಕೊಟ್ಟು ಉಳಿಸಿದ್ನಲ್ಲ, ಹಂಗ."

ನನ್ನ ಮದುವೆಯ ತಿಂಗಳಲ್ಲೇ ನೀಲಿ ಮನೆ ಬಿಟ್ಟಿದ್ದಳು. ಇಟಗಿಯ ಕುಂಬಾರರೊಬ್ಬರಿಗೆ ಕೊಟ್ಟಿದ್ದೇನೆ, ಅವರ ಮನೆಯಲ್ಲಿ ಕೆಲಸ ಕಡಿಮೆ ಎಂದು ಅಪ್ಪ ಹೇಳಿದ್ದ. ಅವಳನ್ನು ನೋಡಿಬರುತ್ತೇನೆಂದು ಎಷ್ಟೋ ಸೋಮವಾರ ಇಟಗಿಗೆ ಹೋಗುತ್ತಿದ್ದ. ತವರಿಗೆ ಹೋದಾಗಲೆಲ್ಲ ನಾನು ಕೇಳುತ್ತಿದ್ದೆ. "ಛಲೋ ಅದಾಳ, ಮೈ ತುಂಬ್ಯಾಳ," ಎನ್ನುತ್ತಿದ್ದ.

ಅಣ್ಣನ ದನಿ ಬದಲಾಯಿತು. "ತಂಗಿ, ಇನ್ನ ಹೇಳ್ತೀನಿ. ಅಪ್ಪ ಹೋಗಿ ಆರ್ ವರ್ಷ ಆತು. ಯಾವ ಕುಂಬಾರನೂ ಇರಲಿಲ್ಲ. ಮಂದಿ ಬಟ್ಟಿ ಕೊಡೋದು ಬಿಟ್ಟಿದ್ರು. ನಿನ್ನ ಮದುವಿ ಎದುರಿಗಿತ್ತು. ಕತ್ತಿ ಮಾಂಸ ತಿನ್ನೋ ಸೀಮಿಗಿ ಒಯ್ಯೋ ಲಾರಿ ಬಂದಿತ್ತು. ಹತ್ತಿಸಿದಾಂವ ನಾನು. ಅಪ್ಪ ಹಿತ್ತಲದಾಗ ಕುಂತಿದ್ದ, ಹೊರಗ ಬರಲಿಲ್ಲ."

"ಮತ್ತ ಸೋಮವಾರ ಇಟಗಿಗಿ ಯಾಕ ಹೋಗ್ತಿದ್ದ?"

"ಗುಡಿ ಮುಂದ ಕುಂತು ಬರ್ತಿದ್ದ. ಬ್ಯಾರೆ ಏನ್ ಮಾಡ್ತಾನ? ನಿನಗ ಸುಳ್ಳು ಹೇಳಿದ್ದ, ಅದನ್ನ ನಡೆಸಬೇಕಿತ್ತಲ್ಲ."

ಫೋನು ಇಟ್ಟು ತೊಟ್ಟಿಯ ಕಟ್ಟೆಯ ಮೇಲೆ ಕೂತೆ. ಮದುವೆಯಲ್ಲಿ ಅಪ್ಪ ಉಡಿಸಿದ ಸೀರೆ ನೆನಪಾಯಿತು. ಕಾರಟಗಿಯಲ್ಲಿ ನಾನು ಸಂಸಾರ ಹೂಡಿದ ಪಾತ್ರೆಗಳು ನೆನಪಾದವು. ಅವುಗಳಲ್ಲಿ ನೀಲಿಯದೆಷ್ಟು ಎಂದು ಯಾರನ್ನು ಕೇಳಲಿ? ಇಲ್ಲಿಯ ಲಾರಿ ಕಂಡು ಕ್ರೂರ ಜನ ಎಂದು ಶಪಿಸಿದ್ದೆ. ಅಂಥದೇ ಲಾರಿ ನಮ್ಮ ಅಂಗಳಕ್ಕೂ ಬಂದು ಹೋಗಿತ್ತು. ನೀಮಾ ಬಂದು ಏನಾಯಿತೆಂದು ಕೇಳಿದಳು. ನನ್ನ ಹರಕುಮುರುಕು ಸ್ವಾಹಿಲಿಯಲ್ಲಿ ಎಲ್ಲ ಹೇಳಿದೆ. ಅವಳು ಪಕ್ಕದಲ್ಲಿ ಕೂತು, "ನಿನ್ನ ಅಪ್ಪ ಕೆಟ್ಟವನಲ್ಲ. ಇಲ್ಲಿ ಮಾರುವವರೂ ಕೆಟ್ಟವರಲ್ಲ. ಅವರ ಮನೆಯಲ್ಲೂ ಮದುವೆ ಇರುತ್ತದೆ," ಎಂದಳು.

ಮೂರು ವಾರದ ಮೇಲೆ ಅಣ್ಣನೇ ಫೋನ್ ಮಾಡಿದ. ಕುಷ್ಟಗಿ, ಯಲಬುರ್ಗಾದ ಇಸ್ತ್ರಿ ಅಂಗಡಿಯವರನ್ನು ಕೇಳಿದ್ದನಂತೆ. ಕೆಲವರು ನಕ್ಕರಂತೆ. ಕುಷ್ಟಗಿಯ ಒಬ್ಬ ಮುದುಕ ಮಾತ್ರ ನಗದೆ, ತಾನು ಮಾರಿದ ಕತ್ತೆಗಳ ಹೆಸರು ಒಂದೊಂದಾಗಿ ಹೇಳಿ, ಅಂಗಿಯ ಜೇಬಿನಲ್ಲಿದ್ದುದನ್ನೆಲ್ಲ ಕೊಟ್ಟನಂತೆ. ಕೂಡಿದ್ದು ದೊಡ್ಡ ಮೊತ್ತವಲ್ಲ. ಗಿರಣಿ ಮಾಲೀಕರ ಗಂಗಾವತಿಯ ಸಂಬಂಧಿಕರ ಕೈಯಿಂದ ಅದು ನಮ್ಮನ್ನು ತಲುಪಿತು.

"ಅಲ್ಲಿ ಒಂದು ಮುದುಕಿ ಐತಿ ಅಂದಿದ್ದೆಲ್ಲ, ಆಕಿಗಿ ಹಾಕು," ಎಂದ ಅಣ್ಣ. "ಹೆಸರು ಬರಿಬ್ಯಾಡ."

ಆ ದಾನದಿಂದ ಬೀಬಿ ಎರಡು ತಿಂಗಳು ಉಂಡಳು. ನಾನು ಕಳಿಸಿದ ಅವಳ ಫೋಟೋವನ್ನು ಅಣ್ಣ ಸಾಲೆಯ ಮೇಷ್ಟ್ರುಗಳಿಗೆಲ್ಲ ತೋರಿಸುತ್ತಿದ್ದನೆಂದು ಅತ್ತಿಗೆ ಹೇಳಿದಳು. ಆದರೆ ಮೂವತ್ತು ಹೊಟ್ಟೆಗೆ ಅದೆಲ್ಲಿ ಸಾಕು? ನೀಮಾ ಗಟ್ಟಿಮುಟ್ಟಾದವನ್ನು, ಮಾರುವುದಿಲ್ಲ ಎಂದು ಮಾತು ಕೊಟ್ಟ ಕುಟುಂಬಗಳಿಗೆ ಹಂಚಿದಳು. ಒಂದೊಂದು ಗೇಟು ದಾಟುವಾಗಲೂ ಅದರ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಅವುಗಳಲ್ಲಿ ಎರಡು, ಒಂದು ವಾರದೊಳಗೇ ಲಾರಿ ಹತ್ತಿದವು ಎಂದು ಸುದ್ದಿ ಬಂತು. ಆ ದಿನ ನೀಮಾ ಒಲೆ ಹಚ್ಚಲಿಲ್ಲ.

ಮಳೆಯಿಲ್ಲದ ತಿಂಗಳುಗಳ ಕೊನೆಯಲ್ಲಿ ಬೀಬಿ ಹೊಟ್ಟೆನೋವಿನಿಂದ ಮಲಗಿದಳು. ಮೇಲೇಳಲಿಲ್ಲ. ಕಾಲು ಝಾಡಿಸುತ್ತ, ತಿರುಗಿ ತಿರುಗಿ ತನ್ನ ಹೊಟ್ಟೆಯನ್ನೇ ನೋಡುತ್ತಿದ್ದಳು. ಪಶುವೈದ್ಯರು ಪರೀಕ್ಷಿಸಿ ತಲೆಯಾಡಿಸಿದರು. ಇನ್ನು ನರಳಿಸಬಾರದು ಎಂದರು. ನೀಮಾ ನನ್ನತ್ತ ನೋಡಿದಳು. ನಾನು ಬೀಬಿಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುತ್ತಿಗೆಯ ಬುಡ ಕೆರೆಯುತ್ತ ಕೂತೆ. ಸೂಜಿ ಚುಚ್ಚಿದ ಮೇಲೆ ಅವಳ ಕಿವಿ ಮೊದಲು ಸೋತಿತು, ಆಮೇಲೆ ಕತ್ತು. ಬೇಲಿಯ ಬಳಿಯಿದ್ದ ಉಳಿದ ಕತ್ತೆಗಳು ಹತ್ತಿರ ಬಂದು, ಒಂದೊಂದಾಗಿ ಮೂಸಿ, ಸರಿದು ನಿಂತವು.

ಅಣ್ಣನಿಗೆ ಏನು ಹೇಳಲಿ ಎಂದು ಎರಡು ದಿನ ಒದ್ದಾಡಿದೆ. ಸುಳ್ಳು ಹೇಳುವುದು ಸುಲಭವಿತ್ತು. ಹಳೆಯ ಫೋಟೋಗಳು ಬೇಕಾದಷ್ಟಿದ್ದವು. ಕೊನೆಗೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ.

"ಯಾರರ ಬಾಜೂಕ ಇದ್ರ?" ಎಂದು ಕೇಳಿದ.

"ನಾನ ಇದ್ನಿ ಅಣ್ಣ. ನನ್ನ ತೊಡಿಮ್ಯಾಲೇ ಹೋದ್ಲು."

"ಹಂಗಾರ ಛಲೋ ಆತು," ಎಂದವನೇ ಅಳಲು ಶುರುಮಾಡಿದ. ಅಪ್ಪ ಸತ್ತಾಗಲೂ ಅವನು ಅತ್ತದ್ದನ್ನು ನಾನು ಕಂಡಿರಲಿಲ್ಲ. ಅಳು ಮುಗಿಯುವವರೆಗೆ ಫೋನು ಇಡದೆ ಕೇಳಿಸಿಕೊಂಡೆ.

ಈಗ ನೀಮಾಳ ಮನೆಯಲ್ಲಿ ಒಂಬತ್ತು ಉಳಿದಿವೆ. ಅಣ್ಣನೂ ಕುಷ್ಟಗಿಯ ಮುದುಕನೂ ಆದಾಗ ಏನಾದರೂ ಕಳಿಸುತ್ತಾರೆ. ಬೇರೆ ದೇಶಗಳ ಕೆಲವರು ಬಿಡದೆ ಕೊಡುತ್ತಿದ್ದಾರೆ. ನಮ್ಮನೆಯವರ ಕರಾರು ಇನ್ನೆರಡು ವರ್ಷ ಮುಂದೆ ಹೋಗಿದೆ. ಅವರು ಹೂಂ ಎನ್ನುವ ಮೊದಲು ನನ್ನ ಮುಖ ನೋಡಿದರು. ನಾನು ಬೇಡ ಎನ್ನಲಿಲ್ಲ.

ನಡುವೆ ರಜೆಗೆಂದು ಊರಿಗೆ ಬಂದೆ. ಯಲಬುರ್ಗಾದ ಬಸ್ ನಿಲ್ದಾಣದಲ್ಲಿ ನನ್ನ ಮುಂದೆ ಒಬ್ಬ ಹೆಣ್ಣುಮಗಳು ಮೆಟ್ಟಿಲು ಎಡವಿ ಬಿದ್ದಳು. ಹೊತ್ತ ಗಂಟು ಬಿಚ್ಚಿ ಬಟ್ಟೆ ಚೆಲ್ಲಿತು. ಎತ್ತಿಕೊಡಲು ಬಗ್ಗಿದ ನನ್ನ ಬಾಯಿಂದ "ಪೋಲೆ, ಮಾಮಾ" ಎಂದು ಬಂತು. ತಾಂಜಾನಿಯಾದಲ್ಲಿ ಇನ್ನೊಬ್ಬರಿಗೆ ನೋವಾದರೆ, ತಪ್ಪು ಯಾರದೇ ಇರಲಿ, ಎಲ್ಲರೂ ಹೇಳುವ ಮಾತು ಪೋಲೆ. ನಿನ್ನ ನೋವು ನನಗೆ ಕಂಡಿತು ಎಂದು ಅದರ ಅರ್ಥ.

ಆಕೆ ಸೆರಗು ಕೊಡವುತ್ತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಏನಂದ್ರಿ? ಯಾವೂರವ್ರರಿ ನೀವು?"

"ಇಲ್ಲೇ ತಳಕಲ್ಲಿನವ್ರವ್ವ, ನಾವು," ಎಂದೆ.

ಆಕೆ ನಂಬಿದಂತೆ ಕಾಣಲಿಲ್ಲ.