ಮಗಳ ಮಂಡಿ

ಹಿಮವೇ ಕಾಣದ ಊರಲ್ಲಿ ಹಿಮದ ಮೇಲೆ ಜಾರುವವಳನ್ನು ಬೆಳೆಸಿದ್ದು ನಾವೇ. ಆಗ ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿದ್ದೆವು. ಹತ್ತಿರದ ಒಂದು ಶೆಡ್ಡಿನಲ್ಲಿ ಇಳಿಜಾರಾದ ದೊಡ್ಡ ಕಾರ್ಪೆಟ್ಟು ಟ್ರೆಡ್‌ಮಿಲ್ಲಿನ ಹಾಗೆ ಉರುಳುತ್ತಿತ್ತು; ಅದರ ಮೇಲೆ ಮಕ್ಕಳು ಸ್ಕೀಯಿಂಗ್ ಕಲಿಯುತ್ತಿದ್ದರು. ಭರತನಾಟ್ಯಕ್ಕೆ ಎಲ್ಲರ ಮಕ್ಕಳೂ ಹೋಗುತ್ತಾರೆ, ಇದಾದರೆ ಕಾಲೇಜು ಅರ್ಜಿಯಲ್ಲಿ ಎದ್ದು ಕಾಣುತ್ತದೆ ಅಂತ ನಮ್ಮ ಯಜಮಾನರ ಲೆಕ್ಕಾಚಾರ. ಮಾಡಿದ್ದುಣ್ಣೋ ಮಹಾರಾಯ. ಅರ್ಜಿ ತುಂಬುವ ಕಾಲಕ್ಕೆ ಮಗಳು ಕಾಲೇಜೇ ಬೇಡ ಅಂತ ಕೊಲೊರಾಡೊ ಬೆಟ್ಟ ಹತ್ತಿ ಕೂತಿದ್ದಳು.

ಈಗ ಸ್ಕೀ ರೇಸೇ ಅವಳ ಉದ್ಯೋಗ. ಅಂಗಡಿಯಲ್ಲಿ ಸಿಕ್ಕ ಆಂಟಿಯೊಬ್ಬರಿಗೆ ಹಾಗಂತ ಹೇಳಿದರೆ, "ಅದು ಸರಿ, ಕೆಲಸ ಏನ್ ಮಾಡ್ತಾಳೆ?" ಅಂತ ಕೇಳಿದರು. ನಾವು ಕಾರಲ್ಲಿ ಹೋಗಲು ಹೆದರುವ ವೇಗದಲ್ಲಿ ಬೆಟ್ಟ ಇಳಿಯುತ್ತಾಳೆ ಅಂದೆ. ಅವರು ಕೊತ್ತಂಬರಿ ಸೊಪ್ಪು ಆರಿಸತೊಡಗಿದರು.

ಚಳಿಗಾಲವಿಡೀ ಅವಳು ಯೂರೋಪಿನಲ್ಲಿ. ನಾವು ಆಸ್ಟಿನ್ ಪಕ್ಕದ ರೌಂಡ್ ರಾಕ್‌ಗೆ ಶಿಫ್ಟ್ ಆಗಿ, ಬೆಳಗಿನ ಕಾಫಿ ಹಿಡಿದು ಟೀವಿ ಮುಂದೆ. ಅವಳು ಬಿದ್ದ ದಿನವೂ ಹಾಗೇ ಕೂತಿದ್ದೆವು. ಒಂದು ತಿರುವಿನಲ್ಲಿ ಕಾಲು ಜಾರಿತು, ದಾರಿಯ ಅಂಚಿಗೆ ಕಟ್ಟಿದ್ದ ಬಲೆಗೆ ಹೋಗಿ ಬಡಿದಳು. ತಕ್ಷಣ ಕ್ಯಾಮೆರಾ ಅವಳನ್ನು ಬಿಟ್ಟು ಆಕಾಶ, ಪೈನ್ ಮರ, ದೂರದ ಚರ್ಚು ತೋರಿಸಿತು. ಬಿದ್ದವರು ಏಳುವವರೆಗೆ ತೋರಿಸಬಾರದು ಅನ್ನುವುದು ಟೀವಿಯವರ ಮರ್ಯಾದೆಯಂತೆ. ಹೆತ್ತವಳು ಮರ ನೋಡಿಕೊಂಡು ಕೂತಿರಬೇಕೇನು? ರಿಮೋಟ್ ಒತ್ತಿದೆ, ಒತ್ತಿದೆ. ಏನು ಒತ್ತಿದರೂ ಮರವೇ.

ಹಿಂದೊಮ್ಮೆ ಹರಿದು ಆಪರೇಷನ್ ಆಗಿದ್ದ ಮಂಡಿಯ ಲಿಗಮೆಂಟೇ ಎರಡನೇ ಸಲ ಹರಿದಿತ್ತು. ಹ್ಯೂಸ್ಟನ್‌ನಲ್ಲಿ ಆಪರೇಷನ್ ಆಯಿತು. ಅಲ್ಲಿಂದ ತಿಂಗಳುಗಟ್ಟಲೆ ನಮ್ಮ ಮನೆಯಲ್ಲೇ ಇದ್ದಳು. ಸಾರು ಅನ್ನ ತಿಂದು, ವಾಕರ್ ಹಿಡಿದು, ಆಮೇಲೆ ಹಿಡಿಯದೆ, ಹಾಲ್‌ನಲ್ಲಿ ಓಡಾಡಿದಳು. ನಿಜ ಹೇಳುತ್ತೇನೆ, ನನಗೆ ಅದು ಸುಖದ ಕಾಲ. ದೇವರ ಮುಂದೆ ನಿಂತು ಮಂಡಿ ವಾಸಿಯಾಗಲಿ ಅನ್ನುತ್ತಿದ್ದೆ. ರೇಸಿಗೆ ಆಗುವಷ್ಟು ಬೇಡ ಅಂತಲೂ ಸೇರಿಸುತ್ತಿದ್ದೆ. ನಾನು ಬೇಡ ಅಂದರೆ ಕೇಳುವವಳಲ್ಲ. ಡಾಕ್ಟರೇ ಬೇಡ ಅಂದುಬಿಟ್ಟರೆ ಮುಗಿಯಿತು, ಯಾರ ಮೇಲೂ ಮುನಿಸಿಲ್ಲ.

ಕೊನೆಯ ತಪಾಸಣೆಗೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಡಾಕ್ಟರು ಒಂಟಿ ಕಾಲಲ್ಲಿ ಕುಪ್ಪಳಿಸು ಅಂದರು. ಕುಪ್ಪಳಿಸಿದಳು. ಇನ್ನೂ ದೂರ ಅಂದರು. ಹಾರಿ ಅಲುಗಾಡದೆ ನಿಂತಳು. ಡಾಕ್ಟರು ನಕ್ಕು ಕೈ ಕುಲುಕಿದರು. ಈ ಸೀಸನ್ನಿಗೇ ಹೋಗಬಹುದಂತೆ. ಅಷ್ಟು ಒಳ್ಳೆಯ ಡಾಕ್ಟರನ್ನು ಹುಡುಕಿದ್ದಕ್ಕೆ ನಮ್ಮವರ ಮೇಲೆ ಸಿಟ್ಟು ಬಂತು.

ವಾಪಸು ಬರುವಾಗ, ಊರು ದಾಟಿ ಹುಲ್ಲುಗಾವಲು ಶುರುವಾದ ಮೇಲೆ, "ಅಮ್ಮಾ," ಅಂದಳು. "ನಂಗೆ ಭಯ ಆಗ್ತಿದೆ. ನೀನೇ ಬೇಡ ಅಂದ್‌ಬಿಡು. ಅಮ್ಮ ಬಿಡ್ತಿಲ್ಲ ಅಂತ ಕೋಚ್‌ಗೆ ಹೇಳ್ತೀನಿ."

ನಾನು ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ, ಅಷ್ಟನ್ನೂ ಕನ್ನಡದಲ್ಲಿ ಹೇಳಿದಳು.

ಬೇಡ. ಎರಡೇ ಅಕ್ಷರ. ವರ್ಷಗಳಿಂದ ನಾಲಿಗೆ ತುದಿಯಲ್ಲೇ ಇತ್ತು. ಬಾಯಿ ತೆರೆದೆ. ಆಗ ರಸ್ತೆ ಎಡಕ್ಕೆ ತಿರುಗಿತು. ಪಕ್ಕದ ಸೀಟಿನಲ್ಲಿ ಅವಳ ಮೈ, ಅವಳಿಗೇ ಗೊತ್ತಿಲ್ಲದೆ, ಬೆಟ್ಟ ಇಳಿಯುವಾಗಿನ ಹಾಗೆ ಎಡಕ್ಕೆ ವಾಲಿತು. ಆ ಎರಡು ಸಲ ಕುಯ್ದ ಮಂಡಿ ಮೆಲ್ಲಗೆ ಬಾಗಿ ತಿರುವನ್ನು ಹಿಡಿಯಿತು.

"ಬೇಡ ಅನ್ನೋಕೆ ನನ್ ಕೈಲಿ ಆಗಲ್ಲ ಕಣೇ," ಅಂದೆ.

ಅವಳು ಕಿಟಕಿಯ ಕಡೆ ತಿರುಗಿ ಅತ್ತಳು. ಮುಂದಿನ ವಾರ ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ.