ಕಾಯುವವನು ಕೇಳಲಿಲ್ಲ

ಕಂಪ್ಯೂಟರಿನ ಸಿ ಭಾಷೆಯಲ್ಲಿ ಫೋರ್ಕ್ ಎಂದು ಬರೆದರೆ, ಓಡುತ್ತಿರುವ ಪ್ರೋಗ್ರಾಮ್ ತನ್ನದೇ ಪಡಿಯಚ್ಚೊಂದನ್ನು ಹುಟ್ಟಿಸುತ್ತದೆ. ಹುಟ್ಟಿಸಿದ್ದು ಪೇರೆಂಟ್, ಹುಟ್ಟಿದ್ದು ಚೈಲ್ಡ್. ಚೈಲ್ಡ್ ತನ್ನ ಕೆಲಸ ಮುಗಿಸಿ, ಅದು ಹೇಗಾಯಿತೆಂದು ತಿಳಿಸಲು ಒಂದು ಅಂಕಿ ಬಿಟ್ಟುಹೋಗುತ್ತದೆ. ಪೇರೆಂಟ್ ವೇಟ್ ಎಂದು ಕರೆದು ಆ ಅಂಕಿಯನ್ನು ಕೇಳಿ ಪಡೆಯಬೇಕು. ಕೇಳದಿದ್ದರೆ, ಕೆಲಸ ಮುಗಿದ ಚೈಲ್ಡ್‌ನ ಗುರುತಿನ ನಂಬರು ಓಡುತ್ತಿರುವ ಪ್ರೋಗ್ರಾಮ್‌ಗಳ ಪಟ್ಟಿಯಲ್ಲಿ ಹಾಗೇ ಉಳಿಯುತ್ತದೆ. ಅದನ್ನು ಜಾಂಬಿ, ಅಂದರೆ ಸತ್ತೂ ಅಲೆಯುವ ಹೆಣ, ಎನ್ನುತ್ತಾರೆ.

ಚಾಮರಾಜನಗರದ ಕಾಲೇಜಿನಲ್ಲಿ ಇದನ್ನು ಕನ್ನಡದಲ್ಲಿ ಬಿಡಿಸಿ ಹೇಳುವಾಗ ವೇಟ್ ಅಂದರೆ ಕಾಯುವುದು ಎನ್ನುತ್ತೇನೆ. ಹಾಗೆನ್ನುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹೊಲ ಕಾಯುವುದಕ್ಕೂ ದಾರಿ ಕಾಯುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಹಂಗಳದ ನಮ್ಮ ಹೊಲಕ್ಕೆ ಹಂದಿ ನುಗ್ಗದಂತೆ ಅಪ್ಪ ರಾತ್ರಿಯೆಲ್ಲ ಕಾಯುತ್ತಾನೆ. ಅಣ್ಣನ ಪಿಯುಸಿ ಫಲಿತಾಂಶಕ್ಕೂ ಕಾದಿದ್ದ, ಗುಂಡ್ಲುಪೇಟೆಯ ಕಂಪ್ಯೂಟರ್ ಅಂಗಡಿಯ ಮುಂದೆ, ಉರಿಬಿಸಿಲಿನಲ್ಲಿ. ಅಣ್ಣ ಎರಡು ವಿಷಯದಲ್ಲಿ ಡುಮ್ಕಿ ಹೊಡೆದಿದ್ದ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನಮ್ಮಪ್ಪನಿಗೆ ಮುದ್ದಾದ ಹೆಗ್ಗಣ ಒಂದೇ.

ಡಿಪ್ಲೊಮಾದಲ್ಲಿ ನಾನು ಇಡೀ ಕಾಲೇಜಿಗೆ ಮೊದಲು ಬಂದೆ. ಅಪ್ಪ ತಾನಾಗಿ ಕೇಳಲಿ ಎಂದು ಅಂಕಪಟ್ಟಿಯನ್ನು ಬ್ಯಾಗಿನಲ್ಲೇ ಇಟ್ಟುಕೊಂಡೆ. ನೀನೂ ಹೇಳಕೂಡದು ಎಂದು ಅವ್ವನ ಬಾಯಿ ಕಟ್ಟಿದೆ. ಹಟ ನನ್ನದೂ ಇತ್ತು, ಇಲ್ಲವೆನ್ನುವುದಿಲ್ಲ. ಅಷ್ಟರಲ್ಲಿ ಅದೇ ಕಾಲೇಜಿನ ಲ್ಯಾಬಿನಲ್ಲಿ ಹೇಳಿಕೊಡುವ ಕೆಲಸ ಸಿಕ್ಕಿತು. ದಿನಾ ಬೆಳಿಗ್ಗೆ ಅದೇ ಬಸ್ಸು, ಹೆಗಲಿಗೆ ಅದೇ ಬ್ಯಾಗು. ಅಪ್ಪ ಹೊಲದಿಂದ ಬರುವ ಹೊತ್ತಿಗೆ ನಾನು ಹೊರಟಿರುತ್ತಿದ್ದೆ.

ವರ್ಷ ಕಳೆದ ಮೇಲೆ ಕುದೇರಿನಿಂದ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಗಂಡಿನ ತಾಯಿ ಅಪ್ಪನನ್ನು ಕೇಳಿದರು.

"ಉಡ್ಗಿ ಎಷ್ಟ್ ಓದವ್ಳೆ?"

"ಇನ್ನೂ ಓದ್ತಾವ್ಳೆ ಕಣಮ್ಮ, ಚಾಮ್ರಾಜ್ನಗರ್ದಲ್ಲಿ."

ನನಗೆ ತಡೆಯಲಾಗಲಿಲ್ಲ. ಒಳಗಿನಿಂದ ಅಂಕಪಟ್ಟಿ ತಂದು ಅಪ್ಪನ ಕೈಗಿಟ್ಟೆ.

"ಮುಗ್ದು ಒಂದ್ ವರ್ಷ ಆಯ್ತು ಕಣಪ್ಪ. ಈಗ ನಾನೇ ಅಲ್ಲಿ ಪಾಠ ಮಾಡ್ತಿವ್ನಿ."

ಮಡಿಕೆ ಬಿಡಿಸದೆ ಅಪ್ಪ ಅದನ್ನು ನನಗೇ ವಾಪಸು ಕೊಟ್ಟ.

"ಓಗ್ಲಿ ಬುಡು. ಬಂದೋರ್ಗೆ ಕಾಪಿ ತಕ್ಕೊಂಡ್ ಬಾ ಕಣಮ್ಮಿ."

ಪಾಸೋ ಫೇಲೋ ಎಂದು ಆಗಲೂ ಕೇಳಲಿಲ್ಲ.