ಹಾವಿಗೆ ಕಾಲು

ಮೇಷ್ಟ್ರ ಬಲಗೈ ಕಿರುಬೆರಳಿನ ಉಗುರಿನಲ್ಲಿ ಸದಾ ಒಂದು ಕಪ್ಪು ಗೆರೆ ಇರುತ್ತಿತ್ತು. ಎಷ್ಟು ತೊಳೆದರೂ ಹೋಗದ ಮಸಿ. ಎಡಗೈಯದೇನೋ. ಈಗ ಖಾತ್ರಿಯಿಲ್ಲ.

ಹೆಂಡತಿ ತೀರಿಹೋದ ಮೇಲೆ ಗಿರಾವೀನ್ ಬಡಾವಣೆಯ ಮನೆಯಲ್ಲಿ ಶನಿವಾರಗಳು ಮುಗಿಯುತ್ತಲೇ ಇರಲಿಲ್ಲ. ರೈಲು ಹತ್ತಿ ಚಾಟ್ಸ್‌ವುಡ್‌ಗೆ ಹೋಗಿ, ಅಲ್ಲಿನ ಸಮುದಾಯ ಭವನದಲ್ಲಿ ಈ ವೃದ್ಧ ಚೀನೀ ಮೇಷ್ಟ್ರು ಕಲಿಸುತ್ತಿದ್ದ ಕುಂಚಬರಹದ ತರಗತಿ ಸೇರಿದೆ. ಕಲೆಯ ಮೋಹಕ್ಕೆ ಎಂದು ಡೈರಿಯಲ್ಲಿದೆ. ಸುಳ್ಳು. ಮಾತಾಡಲು ಯಾರಾದರೂ ಬೇಕಿತ್ತು.

ಅವರ ಇಂಗ್ಲಿಷ್ ಅರೆಬರೆ. ಬರೆದಾದ ಗೆರೆಯನ್ನು ನಾನು ತಿದ್ದಲು ಹೋದಾಗಲೆಲ್ಲ "ಹಾವು, ಕಾಲು!" ಎಂದು ಕುಂಚ ಕಸಿದುಕೊಳ್ಳುತ್ತಿದ್ದರು. ಅದು ಅವರ ಕಡೆಯ ಗಾದೆ. ಒಂದೇ ಹೂಜಿ ಮದ್ಯ, ಕುಡಿಯುವವರು ಹಲವರು. ಮೊದಲು ಹಾವಿನ ಚಿತ್ರ ಬರೆದವನಿಗೆ ಹೂಜಿ ಎಂದು ಪಂಥ. ಮೊದಲು ಮುಗಿಸಿದವನು, ಇನ್ನೂ ಹೊತ್ತಿದೆಯೆಂದು ಹಾವಿಗೆ ಕಾಲು ಬರೆಯತೊಡಗಿದ. ಅಷ್ಟರಲ್ಲಿ ಇನ್ನೊಬ್ಬ ತನ್ನದನ್ನು ಮುಗಿಸಿ, "ಕಾಲಿದ್ದರೆ ಅದು ಹಾವೇ ಅಲ್ಲ" ಎಂದು ಹೂಜಿ ಎತ್ತಿ ಕುಡಿದುಬಿಟ್ಟ.

ಒಮ್ಮೆ ನನ್ನ ಕನ್ನಡ ಅಕ್ಷರ ನೋಡಬೇಕೆಂದರು. ಚೀಲದಲ್ಲಿ ಮಗಳಿಗೆ ಬರೆದು ಅಂಚೆಗೆ ಹಾಕದ ಪತ್ರವಿತ್ತು. ಅವಳು ಮೆಲ್ಬರ್ನ್‌ನಲ್ಲಿದ್ದಾಳೆ. ಪರೀಕ್ಷೆ ಕೆಡಬಾರದೆಂದು ತಾಯಿಯ ಕಾಯಿಲೆಯನ್ನು ಅವಳಿಂದ ಮುಚ್ಚಿಟ್ಟಿದ್ದೆ. ಅವಳು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. "ಯು ಡಿಸೈಡೆಡ್ ಫಾರ್ ಮಿ, ಅಪ್ಪಾ" ಅಂದವಳು ಆಮೇಲೆ ನನ್ನ ಫೋನ್ ಎತ್ತಲಿಲ್ಲ.

ಒತ್ತಕ್ಷರಗಳನ್ನು ಕಂಡು ಮೇಷ್ಟ್ರು ಗಹಗಹಿಸಿದರು. "ಅಯ್ಯಯ್ಯೋ, ನಿನ್ನ ಹಾವಿಗೆಲ್ಲ ಕಾಲು!"

"ಇದು ಬೇಕೇ ಬೇಕು ಸರ್. ಇಲ್ಲದಿದ್ದರೆ ಪದವೇ ತಪ್ಪು."

ನಾಲ್ಕು ಪುಟ ತಿರುವಿ, ಏನು ಬರೆದಿದ್ದೀಯ ಎಂದರು. ಹೇಳಿದೆ. "ಹಾವು ಎಲ್ಲಿ ಮುಗೀತು?" ಅಂದರು.

ಮೊದಲ ಸಾಲು ತೋರಿಸಿದೆ: 'ನಿನಗೆ ಹೇಳದೇ ಇದ್ದದ್ದು ನನ್ನ ತಪ್ಪು.' ಮಿಕ್ಕಿದ್ದೆಲ್ಲ ಕಾರಣಗಳು.

ಮೇಷ್ಟ್ರು ಹೊಸ ಹಾಳೆ ಮುಂದಿಟ್ಟರು. ಹಾಗೆಂದು ನೆನಪು, ಹಾಳೆ ನಾನೇ ಕೇಳಿದ್ದೆನೋ ಏನೋ. ಆ ಒಂದೇ ಸಾಲು ಬರೆದು ಕಳಿಸಿದೆ.

ಚಳಿಗಾಲದಲ್ಲಿ ಭವನದ ಬಾಗಿಲಿಗೆ ಚೀಟಿ ಅಂಟಿತ್ತು: ಮೇಷ್ಟ್ರು ತೀರಿಕೊಂಡಿದ್ದಾರೆ, ತರಗತಿ ಇಲ್ಲ. ವಾಪಸು ರೈಲು ಹತ್ತಿದೆ.

ಮೆಲ್ಬರ್ನ್‌ನಿಂದ ಲಕೋಟೆ ಬಂದದ್ದು ಅದಾದ ಎರಡು ವಾರಕ್ಕೆ. ಒಳಗೆ ಒಂದೇ ಪದ, ಚಿಕ್ಕಂದಿನಲ್ಲಿ ಬರೆಯುತ್ತಿದ್ದಂತೆಯೇ, ಒತ್ತು ಮರೆತು: 'ಅಪ'.

ತಿದ್ದಲೆಂದು ಅಭ್ಯಾಸಬಲದಿಂದ ಪೆನ್ನು ಎತ್ತಿಕೊಂಡೆ. ಆಮೇಲೆ ಕೆಳಗಿಟ್ಟೆ. ಈ ಹಾವಿಗೆ ಕಾಲು ಬೇಡ ಮೇಷ್ಟ್ರೇ ಎಂದು ಹೇಳಲು ಚಾಟ್ಸ್‌ವುಡ್‌ನಲ್ಲಿ ಈಗ ಯಾರೂ ಇಲ್ಲ.